ಹಿಮ ಯಾಕೆ ಜಾರುತ್ತದೆ? ಚಳಿಗಾಲದ ಟ್ರೆಕ್ಕಿಗೆ ಮೊದಲು ಒಂದು ಪಾಠ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೊಡೇಕಲ್ ಕಡೆಯವರಿಗೆ ಹಿಮಕುಸಿತದ ಪಾಠ ಯಾಕ್ರಿ ಅಂತ ಕೇಳಬಹುದು. ಕಾರಣ ಎರಡು. ನಮ್ಮ ಕಡೆಯ ಹುಡುಗರು ಸೈನ್ಯ ಸೇರುತ್ತಾರೆ. ಈಗೀಗ ಸೆಮಿಸ್ಟರ್ ರಜೆಯಲ್ಲಿ ಕೇದಾರಕಂಠದಂಥ ಹಿಮದ ಟ್ರೆಕ್ಕಿಗೂ ಹೊರಡುತ್ತಾರೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಐದು ದಿನಗಳ ನಂತರ ಜೀವಂತ ಸಿಕ್ಕರು; ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಷ್ಟು ದಿನ ಬದುಕಿದ್ದು ತೀರಾ ಅಪರೂಪ. ಅದನ್ನು ನಂಬಿಕೊಂಡು ಯಾರೂ ಹಿಮಕ್ಕೆ ಕಾಲಿಡಬಾರದು.

ಜೋಳ ಮತ್ತು ಪರಸಿ ಕಲ್ಲು

ಟ್ರೆಕ್ಕಿಗರನ್ನು ಹೆಚ್ಚಾಗಿ ಕೊಲ್ಲುವುದು ಬೇರೆ ಬಗೆಯ ಕುಸಿತ. ಒಂದು ಹಲಗೆ ಮೇಲೆ ಜೋಳ ಹರಡಿ, ಅದರ ಮೇಲೆ ಶಹಾಬಾದ್ ಪರಸಿ ಇಟ್ಟು, ಹಲಗೆಯ ಒಂದು ತುದಿ ಎತ್ತಿ ನೋಡ್ರಿ. ಕಾಳು ಉರುಳಿ, ಪರಸಿ ಇಡಿಯಾಗಿ ಜಾರುತ್ತದೆ. ಹಿಮದಲ್ಲೂ ಹಂಗೇ. ಕೆಳಗೆ ಸಕ್ಕರೆಯಂಥ ಬಿಡಿ ಹರಳಿನ ದುರ್ಬಲ ಪದರ, ಮೇಲೆ ಗಾಳಿ ತಂದು ಗಟ್ಟಿ ಮಾಡಿದ ಹಿಮದ ಹಾಸು.

ಲೆಕ್ಕ ಹಾಕೋಣ. ಹಾಸಿನ ಸಾಂದ್ರತೆ 200 ಕೆಜಿ/ಘನ ಮೀಟರ್, ದಪ್ಪ 0.5 ಮೀಟರ್, ಇಳಿಜಾರು 38 ಡಿಗ್ರಿ ಇರಲಿ. ದುರ್ಬಲ ಪದರದ ಮೇಲಿನ ಜಾರು ಒತ್ತಡ = 200 × 9.81 × 0.5 × ಸೈನ್ 38° ≈ 604 ಪಾಸ್ಕಲ್. ಪದರ ಇದನ್ನು ಅಂತೂ ಇಂತೂ ತಡೆದಿರುತ್ತದೆ. ಅದರ ಮೇಲೆ ನೀವು ಕಾಲಿಟ್ಟಿರಿ, ಪದರ ಒಂದು ಕಡೆ ಮುರಿಯಿತು, ಬಿರುಕು ಹರಡಿ ಇಡೀ ಹಾಸು ಹೊರಟಿತು! ಇಂಥ ಬಹುಪಾಲು ಅಪಘಾತಗಳಲ್ಲಿ ಕುಸಿತ ಶುರು ಮಾಡುವುದು ಸಿಕ್ಕಿಬಿದ್ದವರೇ, ಇಲ್ಲವೇ ಅವರ ಜೊತೆಗಾರರೇ.

ಕೋನ ನೋಡಿ

ಅಪಾಯ ಹೆಚ್ಚಿರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಹಿಮ ಆಗಾಗ ಉದುರಿಹೋಗುತ್ತದೆ, ಗಟ್ಟಿ ಹಾಸಾಗಿ ಕೂರುವುದು ಕಡಿಮೆ. ಸಿವಿಲ್‌ನವರು ಗಮನಿಸಿ: 20 ಮೀಟರ್ ಕಾಂಟೂರ್ ನಕ್ಷೆಯಲ್ಲಿ ಎರಡು ಗೆರೆಗಳ ನಡುವಿನ ನೆಲದ ಅಂತರ 35 ಮೀಟರಿಗಿಂತ ಕಡಿಮೆ ಇದ್ದರೆ ಅದು 30 ಡಿಗ್ರಿ ದಾಟಿದ ಇಳಿಜಾರು. ನೀವು ಸಪಾಟು ಜಾಗದಲ್ಲಿದ್ದರೂ ಮೇಲೆ ಅಂಥ ಇಳಿಜಾರಿದ್ದರೆ ಅಲ್ಲಿ ಟೆಂಟ್ ಹಾಕಬೇಡಿ.

ಹೊಸ ಹಿಮ ಜೋರಾಗಿ ಬಿದ್ದಿದೆ, ಗಾಳಿ ಬೀಸಿದೆ, ದಿಢೀರ್ ಬಿಸಿಲೇರಿದೆ, ಕಾಲಡಿ 'ಧಂ' ಅಂತ ಹಿಮ ಕುಸಿದ ಸದ್ದು ಬಂತು, ಬಿರುಕು ಓಡಿತು: ಇವುಗಳಲ್ಲಿ ಒಂದು ಕಂಡರೂ ಆ ಇಳಿಜಾರು ಬಿಡಿ. ದಾಟಲೇಬೇಕಾದರೆ ಒಬ್ಬೊಬ್ಬರೇ ದಾಟಿ, ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಲಿ.

ಹೂತರೆ?

ಸುಮಾರು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬಹುಪಾಲು ಜನ ಉಸಿರುಗಟ್ಟಿ ಸಾಯುತ್ತಾರೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ತೆಗೆಯಬೇಕಾದವರು ಜೊತೆಗಾರರೇ. ಅದಕ್ಕೆ ಪ್ರತಿಯೊಬ್ಬರ ಬಳಿ ಮೂರು ಸಾಧನ ಬೇಕು: 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್, ಚುಚ್ಚಿ ನೋಡುವ ಪ್ರೋಬ್ ಕೋಲು, ಲೋಹದ ಸಲಿಕೆ. ಕುಸಿದು ನಿಂತ ಹಿಮ ಒಂದು ಘನ ಮೀಟರಿಗೆ 400 ಕೆಜಿಯಷ್ಟು ತೂಗಬಹುದು, ಅದು ಬರಿಗೈಯಲ್ಲಿ ಅಗೆಯುವ ಮಾತಲ್ಲ. ಸಿಕ್ಕಿಬಿದ್ದವರು ಹಿಮ ನಿಲ್ಲುವ ಮೊದಲೇ ಬಾಯಿ ಮುಂದೆ ಕೈ ಹಿಡಿದು ಉಸಿರಾಡಲು ಜಾಗ ಮಾಡಿಕೊಳ್ಳಬೇಕು.

ಟ್ರೆಕ್ಕಿಗೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ದಾರಿಯಲ್ಲಿ 30 ಡಿಗ್ರಿ ದಾಟಿದ ಇಳಿಜಾರು ಎಲ್ಲೆಲ್ಲಿದೆ? ಡಿಆರ್‌ಡಿಒ ಅಡಿಯ ಡಿಜಿಆರ್‌ಇ ಸಂಸ್ಥೆಯ ಹಿಮಕುಸಿತ ಮುನ್ಸೂಚನೆ ನೋಡುತ್ತೀರಾ? ವಾಪಸ್ ಬರುವ ತೀರ್ಮಾನ ಯಾರದು? ಉತ್ತರ ಸಿಗದಿದ್ದರೆ ಆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.