ಮೀನುಗಳಿಗೂ ಜಾತಕ ನೋಡಬೇಕು: ಪುಟ್ಟ ಅಕ್ವೇರಿಯಮ್‌ನಲ್ಲಿ ಯಾರ ಜೊತೆ ಯಾರು?

ಇವತ್ತಿನ ಕಂತು ಮನೆಯ ಪುಟ್ಟ ಅಕ್ವೇರಿಯಮ್ ಬಗ್ಗೆ. ಯಾವ ಮೀನು ಚೆಂದ ಅಂತ ಅಲ್ಲ, ಯಾವ ಮೀನು ಯಾವುದರ ಜೊತೆ ಬಾಳುತ್ತೆ ಅಂತ. ಮೊದಲು ನಾವು ಮಾಡಿದ ತಪ್ಪನ್ನೇ ಹೇಳಿಬಿಡ್ತೀವಿ.

ನಾವಿರುವುದು ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನಲ್ಲಿ. ಅಪಾರ್ಟ್‌ಮೆಂಟಿನಲ್ಲಿ ಹತ್ತು ಗ್ಯಾಲನ್, ಅಂದ್ರೆ ಸುಮಾರು 38 ಲೀಟರಿನ ತೊಟ್ಟಿಗೆ ಮಾತ್ರ ಜಾಗ. ಗಿಡಗಳ ಜೊತೆ ಬಂದ ಬಸವನಹುಳುಗಳು ಗಾಜಿನ ತುಂಬಾ ಹರಡಿಕೊಂಡವು. ಅಂಗಡಿಯಲ್ಲಿ ಕೇಳಿದಾಗ "ಅದನ್ನು ತಿನ್ನುವ ಮೀನಿದೆ" ಅಂದರು. ಹಳದಿ ಮೈಮೇಲೆ ಸಣ್ಣ ಸಣ್ಣ ಪಟ್ಟೆಗಳಿದ್ದ ಎರಡು ಝೀಬ್ರಾ ಲೋಚ್ ತಂದೆವು. ಹುಳುಗಳೇನೋ ಖಾಲಿಯಾದವು. ಆಮೇಲೆ ದೊಡ್ಡ ಮೀನಿಗೆ ಚಿಕ್ಕದನ್ನು ಅಟ್ಟಾಡಿಸುವುದೇ ಕೆಲಸವಾಯಿತು. ಚಿಕ್ಕದು ಫಿಲ್ಟರಿನ ಹಿಂದೆ ಅಡಗಿ, ಊಟ ಬಿಟ್ಟು, ಮೂರನೇ ತಿಂಗಳು ಸತ್ತುಹೋಯಿತು. ಜೀವಶಾಸ್ತ್ರ ಓದಿದವರ ಮನೆಯಲ್ಲೇ ಹೀಗೆ!

ಸತ್ತ ಮೇಲೆ ಓದಲು ಕೂತೆವು. ನೋಡಿದರೆ, ಈ ಮೀನು ನಮ್ಮೂರ ಕಡೆಯದ್ದು! ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರಯಾಟಾ. 1920ರಲ್ಲಿ ಇದನ್ನು ಮೊದಲು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್. ಮೀನು ಸಿಕ್ಕಿದ್ದು ತುಂಗಾ ನದಿಯಲ್ಲಿ. ಪಶ್ಚಿಮಘಟ್ಟದ ತಿಳಿಯಾದ, ಹರಿಯುವ ನೀರಿನಲ್ಲಿ ಕಲ್ಲುಗಳ ನಡುವೆ ಗುಂಪಾಗಿ ಬಾಳುವ ಜೀವ ಇದು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನಲ್ಲಿದೆ. 2005ರಿಂದ 2012ರವರೆಗೆ ಅಪಾಯದಲ್ಲಿರುವ ಜಾತಿಗಳ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಅಕ್ವೇರಿಯಮ್ ವ್ಯಾಪಾರಕ್ಕೆಂದು ಭಾರತದಿಂದ ಹೊರಹೋದವು ಅಂತ ಒಂದು ಅಧ್ಯಯನ ಹೇಳುತ್ತೆ. ಅದರಲ್ಲಿ ದೊಡ್ಡ ಪಾಲು ಪಡೆದ ಕೆಲವೇ ಮೀನುಗಳಲ್ಲಿ ಇದೂ ಒಂದು.

ಹಾಗಾದ್ರೆ ತರುವ ಮೊದಲು ಏನು ನೋಡಬೇಕಿತ್ತು? ಮದುವೆಗೆ ಜಾತಕದಲ್ಲಿ ಕೂಟ ನೋಡ್ತಾರಲ್ಲ, ಹಾಗೆ ಮೀನಿಗೆ ನಾಲ್ಕು ಕೂಟ ಸಾಕು.

ಮೊದಲನೆಯದು ನೀರು. ನ್ಯೂಯಾರ್ಕಿನ ನಲ್ಲಿ ನೀರು ಹೆಚ್ಚಾಗಿ ಬರುವುದು ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳಿಂದ. ಅದು ಮೆದು ನೀರು, ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಇದು ಅಮೆಜಾನ್ ಕಡೆಯ ಟೆಟ್ರಾ ಮೀನುಗಳಿಗೆ ಒಗ್ಗುತ್ತೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಅಲ್ಲಿ ಗಪ್ಪಿ ಹೆಚ್ಚು ಸುಖವಾಗಿರುತ್ತೆ. ನಿಮ್ಮ ನಲ್ಲಿಯಲ್ಲಿ ಏನು ಬರುತ್ತೋ ಅದಕ್ಕೆ ಒಗ್ಗುವ ಮೀನನ್ನು ಆರಿಸಿ. ಮೀನಿಗಾಗಿ ದಿನಾ ನೀರು ಬದಲಿಸುವ ರಗಳೆ ತಪ್ಪುತ್ತೆ. ಕ್ಲೋರಿನ್ ತೆಗೆಯುವ ಕಂಡಿಷನರ್ ಮಾತ್ರ ಎಲ್ಲಿದ್ದರೂ ಬೇಕು.

ಎರಡನೆಯದು ಬಿಸಿ. ಗೋಲ್ಡ್‌ಫಿಶ್‌ಗೆ ತಂಪು ನೀರು ಇಷ್ಟ, 20 ಡಿಗ್ರಿ ಆಸುಪಾಸು. ಬೆಟ್ಟಾ, ಅಂದ್ರೆ ಫೈಟರ್ ಮೀನಿಗೆ 25ರಿಂದ 27 ಬೇಕು. ಇವೆರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಯಾವುದಾದರೂ ಒಂದು ದಿನಾ ಸಂಕಟಪಡುತ್ತೆ. ಗೋಲ್ಡ್‌ಫಿಶ್ ಬೆಳೆದರೆ 38 ಲೀಟರ್ ಅದಕ್ಕೊಂದಕ್ಕೇ ಸಾಲದು.

ಮೂರನೆಯದು ಗಾತ್ರ. ಅಂಗಡಿಯಲ್ಲಿ ಕಾಣುವುದು ಮರಿ. ಕೇಳಬೇಕಾದ್ದು ದೊಡ್ಡದಾದಾಗ ಎಷ್ಟಾಗುತ್ತೆ ಅಂತ. ಜೊತೆಗೆ ಬಾಯಿಯನ್ನೂ ನೋಡಿ. ಬಾಯಿಗೆ ಹಿಡಿಸುವುದೆಲ್ಲ ಮೀನಿಗೆ ಊಟವೇ. ಮರಿ ಏಂಜಲ್ ಮೀನು ನಿಯಾನ್ ಟೆಟ್ರಾ ಜೊತೆ ಚೆಂದ ಕಾಣುತ್ತೆ, ಬೆಳೆದ ಮೇಲೆ ಒಂದೊಂದೇ ಟೆಟ್ರಾ ಮಾಯವಾಗುತ್ತೆ.

ನಾಲ್ಕನೆಯದು ಸ್ವಭಾವ ಮತ್ತು ಸಂಖ್ಯೆ. ನಾವು ಸೋತದ್ದು ಇಲ್ಲೇ. ಗುಂಪಿನಲ್ಲಿ ಬಾಳುವ ಮೀನುಗಳಲ್ಲಿ ಜಗಳ ಹಲವರ ನಡುವೆ ಹಂಚಿಹೋಗುತ್ತೆ. ಎರಡೇ ಇದ್ದರೆ ಒಂದು ಹೊಡೆಯುತ್ತೆ, ಇನ್ನೊಂದು ಹೊಡೆಸಿಕೊಳ್ಳುತ್ತೆ. ಝೀಬ್ರಾ ಲೋಚ್ ಸುಮಾರು 8 ಸೆಂಟಿಮೀಟರ್ ಬೆಳೆಯುತ್ತೆ, ಕನಿಷ್ಠ ಐದಾರು ಒಟ್ಟಿಗಿರಬೇಕು. ಅಷ್ಟಕ್ಕೆ ನಮ್ಮ ತೊಟ್ಟಿಯಲ್ಲಿ ಜಾಗ ಎಲ್ಲಿ? ಇನ್ನೂ ನಾಲ್ಕು ತಂದಿದ್ದರೂ ಸರಿಹೋಗುತ್ತಿರಲಿಲ್ಲ. ಅದನ್ನು ತರಲೇಬಾರದಿತ್ತು. ಅಂದ ಹಾಗೆ, ಬಸವನಹುಳು ಹೆಚ್ಚಾದದ್ದು ನಾವು ಹೆಚ್ಚು ಊಟ ಹಾಕಿದ್ದರಿಂದ. ಕೈ ಬಿಗಿ ಹಿಡಿದಿದ್ದರೆ ಸಾಕಿತ್ತು.

ಹಾಗಾದ್ರೆ 38 ಲೀಟರಿಗೆ ಏನು ಬಿಡಬಹುದು? ಎರಡು ಸಲಹೆ. ಒಂದು, ಎಂಟು ಎಂಬರ್ ಟೆಟ್ರಾ, ಕೆಳಗೆ ಆರು ಪಿಗ್ಮಿ ಕೋರಿಡೋರಸ್. ಎರಡೂ ಎರಡು ಮೂರು ಸೆಂಟಿಮೀಟರಿನ ಸಾಧು ಮೀನುಗಳು, 24-25 ಡಿಗ್ರಿ ಸಾಕು. ಎರಡು, ಒಂದೇ ಒಂದು ಗಂಡು ಬೆಟ್ಟಾ. ಅದರ ಜೊತೆ ಗಪ್ಪಿ ಬೇಡ. ಗಪ್ಪಿಯ ಬಣ್ಣದ ಬಾಲ ನೋಡಿ ಎದುರಾಳಿ ಅಂದುಕೊಂಡು ಮೇಲೆ ಬೀಳಬಹುದು.

ಯಾವುದೇ ಆದರೂ ಒಂದೇ ದಿನ ಎಲ್ಲವನ್ನೂ ಬಿಡಬೇಡಿ. ಮೀನು ಕಿವಿರಿನಿಂದ ಅಮೋನಿಯಾ ಹೊರಬಿಡುತ್ತೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಸ್ವಲ್ಪ ಸ್ವಲ್ಪ ಬಿಡಿ.

ಇನ್ನೊಂದು ಮಾತು. ಹೊಂದದ ಮೀನನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸ ಅಲ್ಲ. ನಮ್ಮ ಮನೆಗೆ ಹತ್ತಿರದ ಫ್ಲಶಿಂಗ್ ಮೆಡೋಸ್ ಪಾರ್ಕಿನ ಕೆರೆಗಳಲ್ಲಿ 2005ರಲ್ಲಿ ನಾರ್ದರ್ನ್ ಸ್ನೇಕ್‌ಹೆಡ್ ಮೀನು ಸಿಕ್ಕಿತು. ಏಷ್ಯಾದ ಆ ಬೇಟೆಗಾರ ಮೀನು ಯಾರೋ ತಂದು ಬಿಡದೆ ಅಲ್ಲಿಗೆ ಬರುವ ದಾರಿಯೇ ಇಲ್ಲ. ನಮ್ಮ ಉಳಿದೊಂದು ಲೋಚನ್ನು ನ್ಯೂಜೆರ್ಸಿಯ ಸ್ನೇಹಿತರಿಗೆ ಕೊಟ್ಟೆವು. ಅವರ ದೊಡ್ಡ ತೊಟ್ಟಿಯಲ್ಲಿ ಅದರ ಜಾತಿಯವೇ ಆರು ಇದ್ದವು. ಹೋಗಿ ನೋಡಿದಾಗ ಗುಂಪಿನ ನಡುವೆ ನಮ್ಮದು ಯಾವುದು ಅಂತ ಗುರುತೇ ಸಿಗಲಿಲ್ಲ. ಅಷ್ಟು ಸಂತೋಷ ಆಯ್ತು ನಮಗೆ.

ಮುಂದಿನ ಸಲ ಅಂಗಡಿಗೆ ಹೋದಾಗ ನಾಲ್ಕು ಕೂಟದ ಜೊತೆ ಐದನೇ ಪ್ರಶ್ನೆಯನ್ನೂ ಕೇಳಿ: ಇದು ಸಾಕಿ ಬೆಳೆಸಿದ್ದೋ, ಹೊಳೆಯಿಂದ ಹಿಡಿದು ತಂದದ್ದೋ? ಉತ್ತರ ಸಿಗದಿದ್ದರೆ ಕೈ ಬೀಸಿಕೊಂಡು ವಾಪಸ್ ಬನ್ನಿ.