ದರಕಿನ ದಾರಿ

ಒಂದೇ ಮನೆಯಲ್ಲಿ ಮೂರು ಜನ ಮಲಗಿದ್ದರು. ಗಂಡ, ಹೆಂಡತಿ, ಹದಿನಾರರ ಮಗಳು. ಫೆಬ್ರವರಿ ತಿಂಗಳು. ಸುಡುವ ಜ್ವರ, ಹಣೆ ಸೀಳುವ ತಲೆನೋವು, ಕೆಂಪೇರಿದ ಕಣ್ಣು, ಮೀನಖಂಡ ಹಿಂಡುವ ನೋವು. ಮಲೆನಾಡಿನ ಆ ಉಪಕೇಂದ್ರಕ್ಕೆ ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ. ಮಂಗನ ಕಾಯಿಲೆ ಎಂದು ರಕ್ತದ ವರದಿ ಬರುವಷ್ಟರಲ್ಲಿ ಕೇರಿಯವರು ಆ ಮನೆಯ ಬಾವಿಗೆ ಹೋಗುವುದನ್ನು ಬಿಟ್ಟಿದ್ದರು. ಹಾಲು ಕೊಡುವವರು ಬೇಲಿಯ ಹೊರಗೇ ತಂಬಿಗೆ ಇಟ್ಟು ಹೋಗುತ್ತಿದ್ದರು. ಒಂದೇ ಸೂರಿನಡಿ ಮೂವರು ಬಿದ್ದ ಮೇಲೆ ಅಂಟುಜಾಡ್ಯ ಅಲ್ಲದೆ ಇನ್ನೇನು ಎಂದು ಅವರ ಮಾತು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು.

ವೈದ್ಯಾಧಿಕಾರಿಗಳು ಬಂದು ರೋಗಿಗಳನ್ನು ನೋಡಿ ಮುಗಿಸಿದವರು ಜಗಲಿಯಲ್ಲಿ ಕೂತು ಆ ಮನೆಯ ಅಜ್ಜಿಯನ್ನು ಕೇಳಿದರು: “ನಿಮಗೆ ಯಾಕಮ್ಮ ಜ್ವರ ಬರಲಿಲ್ಲ?” ಅಜ್ಜಿ ತಬ್ಬಿಬ್ಬಾದರು. ಮೂವರಿಗೂ ಗಂಜಿ ಕುಡಿಸಿದವರು, ಬೆವರು ಒರೆಸಿದವರು ಅವರೇ. ಅವರ ಮಗ್ಗುಲಲ್ಲಿ ಮಲಗುವ ನಾಲ್ಕು ವರ್ಷದ ಮೊಮ್ಮಗನಿಗೂ ಏನೂ ಆಗಿರಲಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ದಿನಗಳ ಗೆರೆ ಎಳೆದು, ಯಾರಿಗೆ ಯಾವತ್ತು ಜ್ವರ ಎದ್ದಿತು, ಅದಕ್ಕೆ ಹಿಂದಿನ ಎಂಟು ದಿನ ಯಾರು ಎಲ್ಲೆಲ್ಲಿ ಓಡಾಡಿದ್ದರು ಎಂದು ನನ್ನಿಂದ ಬರೆಸಿದರು. ಇದು ಕಾಡಿನ ಉಣುಗು ಕಚ್ಚಿ ಬರುವ ಕಾಯಿಲೆ; ಕಚ್ಚಿದ ಮೇಲೆ ಜ್ವರ ಏಳಲು ಮೂರರಿಂದ ಎಂಟು ದಿನ ಹಿಡಿಯುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದರೆ ನಡುವೆ ಅಂಥದೊಂದು ಬಿಡುವು ಕಾಣಬೇಕಿತ್ತು. ಈ ಮೂವರೂ ಎರಡೇ ದಿನಗಳೊಳಗೆ ಮಲಗಿದ್ದರು. ಮೂವರೂ ಹೋಗಿದ್ದು, ಅಜ್ಜಿ ಮೊಮ್ಮಗ ಹೋಗದೆ ಇದ್ದದ್ದು ಒಂದೇ ಜಾಗಕ್ಕೆ: ಊರ ಮೇಲಿನ ಸೊಪ್ಪಿನ ಬೆಟ್ಟಕ್ಕೆ, ದರಕು ಎಂದರೆ ಉದುರಿದ ಒಣ ಎಲೆ ಗುಡಿಸಲು.

ಎಪಿಡೆಮಿಯಾಲಜಿ (ರೋಗ ಹೇಗೆ ಹರಡುತ್ತದೆಂದು ಹುಡುಕುವ ಶಾಸ್ತ್ರ) ಎಂಬ ಪದವನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಯಾರಿಗೆ, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆ ನೆನಪಿತ್ತು. ಕಾಯಿಲೆ ಬೀಳದವರ ಹತ್ತಿರವೂ ಹೋಗಿ ಅವೇ ಮೂರನ್ನು ಕೇಳಬೇಕು ಎಂಬುದು ಆ ಜಗಲಿಯಲ್ಲಿ ತಿಳಿಯಿತು. ಮರುದಿನ ಬೆಳಿಗ್ಗೆ ಕೇರಿಯ ನಾಲ್ಕು ಮನೆಗೆ ಆ ಹಾಳೆ ಹಿಡಿದು ಹೋದೆ. ಎಲ್ಲರೂ ನೋಡುವಂತೆ ಅದೇ ಬಾವಿಯ ನೀರು ಸೇದಿ ಕುಡಿದೆ. ಸಂಜೆಗೆ ಒಬ್ಬಾಕೆ ಕೊಡ ಹಿಡಿದು ಬಂದಳು. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ ಎಂದು ಅದುವರೆಗೆ ಹತ್ತು ಸಲ ಹೇಳಿದ್ದೆ. ಅವರು ಕೇಳಿದ್ದು ಆ ಗೆರೆಗಳನ್ನು.

ನನ್ನ ತಪ್ಪು ಸಿಕ್ಕಿದ್ದು ತಿಂಗಳ ಕೊನೆಗೆ, ನಮೂನೆಗಳನ್ನು ತಾಲೂಕಿಗೆ ಕಳಿಸುವಾಗ. ಉದ್ಯೋಗ ಎಂಬ ಅಂಕಣದಲ್ಲಿ ಗಂಡಸರ ಮುಂದೆಲ್ಲ ಕೂಲಿ, ಕೃಷಿ. ಹೆಂಗಸರ ಮುಂದೆಲ್ಲ ಮನೆಗೆಲಸ. ಎಲ್ಲ ನನ್ನದೇ ಕೈಬರಹ. ಕಚೇರಿಯಲ್ಲಿ ಕೂತು ಆ ಕಾಗದ ಓದಿದವರು ಏನೆಂದುಕೊಳ್ಳಬೇಕು? ಹೆಂಗಸರು ಮನೆಯಲ್ಲಿ ಕೂತೇ ಕಾಯಿಲೆ ಹಚ್ಚಿಕೊಂಡರು ಎಂದಲ್ಲವೇ? ನಮ್ಮ ಕಡೆ ಮನೆಗೆಲಸ ಎಂದರೆ ಕೊಟ್ಟಿಗೆಗೆ ಹಾಸಲು ದರಕು ತರುವುದು, ಒಲೆಗೆ ಪುಳ್ಳೆ ಆರಿಸುವುದು, ದನ ಅಟ್ಟಿಕೊಂಡು ಬರುವುದು. ಡಿಸೆಂಬರಿನಿಂದ ಮೇ ತನಕ ಕಾಡಿನ ನೆಲದಲ್ಲಿ ಉಣುಗಿನ ಮರಿಗಳು ತುಂಬಿರುವ ಕಾಲ. ದರಕು ಉದುರುವುದೂ, ಅದನ್ನು ಗುಡಿಸುವುದೂ ಅದೇ ಕಾಲದಲ್ಲಿ. ಎಳ್ಳುಕಾಳಿನಷ್ಟಿರುವ ಆ ಮರಿ ಒಣ ಎಲೆಯ ಮೇಲೆ ಕೂತು ಹೆಡಿಗೆಯೇರಿ ಅಂಗಳಕ್ಕೂ ಬರಬಲ್ಲದು. ಅಂದಿನಿಂದ ಉದ್ಯೋಗ ಕೇಳುವುದನ್ನು ಬಿಟ್ಟು, ನಿನ್ನೆ ಬೆಳಿಗ್ಗೆ ಎದ್ದು ಏನೇನು ಮಾಡಿದಿರಿ ಎಂದು ಕೇಳತೊಡಗಿದೆ. ಉತ್ತರ ಉದ್ದವಾಗುತ್ತಿತ್ತು, ಅಂಕಣದಲ್ಲಿ ಹಿಡಿಸುತ್ತಿರಲಿಲ್ಲ. ಹಿಂಬದಿಯಲ್ಲಿ ಬರೆದು ಕಳಿಸುತ್ತಿದ್ದೆ.

ಕಾಯಿಲೆಗೆ ಮಂಗನ ಹೆಸರಿಟ್ಟದ್ದು ಆ ಪ್ರಾಣಿಗೆ ಮಾಡಿದ ಅನ್ಯಾಯ ಎಂದೇ ನಾನು ಇಂದಿಗೂ ನಂಬಿದ್ದೇನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗ, ಮುಸಿಯಗಳು ಸಾಯತೊಡಗಿದವು. ಅವುಗಳ ಜೊತೆಯಲ್ಲೇ ಜನರಿಗೂ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮೊದಲು ಸಾಯುವುದು ಮಂಗಗಳೇ ಎಂದು ತಿಳಿದಿದ್ದ ವಿಜ್ಞಾನಿಗಳು ಅದೇ ಭಾರತಕ್ಕೂ ಬಂತೇನೋ ಎಂದು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಉಣುಗಿನಿಂದ ಹರಡುವ, ರಷ್ಯಾದ ಒಂದು ಮೆದುಳು ಜ್ವರದ ವೈರಸ್ಸಿನ ನೆಂಟ ಎಂದು ತಿಳಿಯಿತು. ಆವತ್ತು ಆ ಸತ್ತ ಮಂಗಗಳನ್ನು ಯಾರೂ ಲೆಕ್ಕ ಇಡದೆ ಹೋಗಿದ್ದರೆ ಇದೂ ಇನ್ನೊಂದು ವಿಷಮಶೀತ ಜ್ವರವಾಗಿಯೇ ಉಳಿಯುತ್ತಿತ್ತು. ಮುಂದೆ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಬೋಳಿಸಿದಾಗ, 1982-83ರ ಹೊತ್ತಿಗೆ, ಅಲ್ಲಿ ಈ ರೋಗ ದೊಡ್ಡದಾಗಿ ಎದ್ದಿತು. ಬಲಿತ ಉಣುಗಿಗೆ ದನದ ರಕ್ತ ಬೇಕು; ಕಾಡು ಕಡಿದು ದನ ನುಗ್ಗಿಸಿದಷ್ಟೂ ಅದರ ಸಂತಾನಕ್ಕೆ ಸುಗ್ಗಿ.

ಲಸಿಕೆಯ ವಿಷಯದಲ್ಲಿ ಪಟ್ಟ ಕಷ್ಟ ಬೇರೆ ಯಾವುದರಲ್ಲೂ ಪಡಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್. ತೋಳು ಊದಿ ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು. “ಹಾಕಿಸಿಕೊಂಡ ನಾಲ್ವರಿಗೆ ಬಂತು, ಹಾಕಿಸಿಕೊಳ್ಳದ ಮೂವರಿಗೆ ಬಂತು, ಹಾಕಿಸಿಕೊಂಡು ಏನು ಬಂತು?” ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅಡಿಕೆ ತೂಗುವವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ, ಕೂಡಿಸುವ ಜಾಗ ತೋರಿಸಿದರೆ ಸಾಕು. ಊರಲ್ಲಿ ನೂರು ಜನ ಎಂದಿಟ್ಟುಕೊಳ್ಳಿ, ಹಾಕಿಸಿಕೊಂಡವರು ಎಂಬತ್ತು, ಬಿಟ್ಟವರು ಇಪ್ಪತ್ತು. ಎಂಬತ್ತರಲ್ಲಿ ನಾಲ್ಕು, ಇಪ್ಪತ್ತರಲ್ಲಿ ಮೂರು. ಅವರು ಬೆರಳು ಮಡಚಿದರು, ಸುಮ್ಮನಾದರು. 2005ರಿಂದ 2010ರ ಅವಧಿಯ ಲೆಕ್ಕ ತೆಗೆದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ. 62ರಷ್ಟು, ಬೂಸ್ಟರೂ ಸೇರಿದರೆ ಶೇ. 83ರಷ್ಟು ರಕ್ಷಣೆ ಕಂಡಿತ್ತು. ನೂರಕ್ಕೆ ನೂರು ಎಂದು ನಾನು ಯಾರಿಗೂ ಹೇಳಲಿಲ್ಲ. 2022ರಲ್ಲಿ ಆ ಲಸಿಕೆ ನಿಂತೇಹೋಯಿತು. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆ ಬದಲಿಸುವುದು ಉಳಿದವು.

ಒಂದನ್ನು ಮಾತ್ರ ಮರೆಯಲಾರೆ. ಒಂದು ಶನಿವಾರ ದನ ಕಾಯುವ ಹುಡುಗ ಬಂದು, ಬ್ಯಾಣದಾಚೆ ಮುಸಿಯ ಸತ್ತಿದೆ ಎಂದ. ಲಸಿಕೆಯ ರಿಜಿಸ್ಟರ್ ಮುಗಿಸುತ್ತಿದ್ದೆ. ಸೋಮವಾರ ತಿಳಿಸೋಣ ಎಂದು ಚೀಟಿಯಲ್ಲಿ ಬರೆದಿಟ್ಟೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ನೆಲಕ್ಕಿಳಿದು ಅಲ್ಲೇ ಕಾದಿರುತ್ತವೆ, ಸುತ್ತ ಮೆಲಾಥಿಯಾನ್ ಪುಡಿ ಎರಚಿ ದಾರಿ ಮುಚ್ಚಬೇಕು ಎಂದು ನನಗೆ ಗೊತ್ತಿತ್ತು. ಭಾನುವಾರ ಅದೇ ದಾರಿಯಲ್ಲಿ ಒಬ್ಬಾಕೆ ದರಕಿಗೆ ಹೋದಳು. ಶುಕ್ರವಾರ ಅವಳಿಗೆ ಜ್ವರ ಬಂತು. ಆ ಜಾಗದಿಂದಲೇ ಬಂತು ಎಂದು ಸಾಧಿಸಲಾಗದು. ಒಬ್ಬರ ಕಾಯಿಲೆಯಲ್ಲಿ ಅಂಥ ಖಚಿತ ಮಾತನ್ನು ಎಪಿಡೆಮಿಯಾಲಜಿ ಆಡುವುದಿಲ್ಲ. ಅವಳು ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದು, ಕೂದಲು ಉದುರಿ, ಕೋಲೂರಿಕೊಂಡು ಮನೆಗೆ ಬಂದಳು. ಆ ಚೀಟಿ ಇನ್ನೂ ನನ್ನ ಹಳೆಯ ಡೈರಿಯೊಳಗಿದೆ.

ನಿವೃತ್ತಳಾದ ಮೇಲೂ ಜನ ಹೇಳುವುದನ್ನು ಬಿಟ್ಟಿಲ್ಲ. ಕಳೆದ ಜನವರಿಯಲ್ಲಿ ಕತ್ತಲಾದ ಮೇಲೆ ಫೋನ್ ಬಂತು, ಕೆರೆಯ ಏರಿಯ ಕೆಳಗೆ ಮಂಗ ಬಿದ್ದಿದೆಯಂತೆ. ಯಾವತ್ತಿನಿಂದ ಬಿದ್ದಿದೆ, ಮುಟ್ಟಿದವರು ಯಾರು, ಆ ಕಡೆ ದರಕಿಗೆ ಹೋಗುವವರು ಯಾರ್ಯಾರು ಎಂದು ಕೇಳಿ ಬರೆದುಕೊಂಡೆ. ಈಗಿನ ಸಹಾಯಕಿಗೆ ಆಗಲೇ ಫೋನ್ ಮಾಡಿದೆ. ಆಮೇಲೆ ಟಾರ್ಚ್ ಹಿಡಿದು, ಬೆಳಿಗ್ಗೆ ಆ ದಾರಿ ಹಿಡಿಯುವ ಮೂರು ಮನೆಗಳಿಗೆ ಹೊರಟೆ.