ನಂಬರು ಎಲ್ಲಿ ಕೂತಿದೆ ನೋಡಿಕೋ, ತಮ್ಮಾ

ತಮ್ಮಾ, ಮೊನ್ನೆ ಪೋತ್ನಾಳ ಬಸ್ ಸ್ಟ್ಯಾಂಡಿನ ಹತ್ತಿರ ನೀನು ಚಹಾ ಕುಡಿಯುತ್ತ ನಿಂತಿದ್ದಾಗ ಜವಳಗೇರಾ ಕಡೆಯ ರೈತರೊಬ್ಬರು ಬಂದು ಬೈದದ್ದು ನನ್ನ ಕಿವಿಗೂ ಬಿತ್ತು. ಮಂಗಳವಾರ ಕಟಾವು ಮಷೀನು ಕಳಿಸ್ತೀನಿ ಅಂದಿದ್ದೆಯಂತೆ. ಅವರ ಭತ್ತ ಒಣಗಿ ಉದುರುತ್ತಿದೆ, ಮಷೀನು ನೋಡಿದರೆ ಹಿರೇಕೊಟ್ನೆಕಲ್‌ನಲ್ಲಿ ನಿಂತಿದೆ. ನೀನು ಸುಳ್ಳು ಹೇಳುವ ಹುಡುಗನಲ್ಲ ಅಂತ ನನಗೆ ಗೊತ್ತು. ಅವರ ದಿನವನ್ನು ನೀನು ನಿನ್ನ ಫೋನಿನಲ್ಲಿ ಬರೆದುಕೊಂಡಿದ್ದೆ. ಬೆಂಗಳೂರಿನಲ್ಲಿ ಕೂತು ನಿನ್ನ ಲೆಕ್ಕ ನೋಡುವ ತಂಗಿ ಅದೇ ಮಂಗಳವಾರವನ್ನು ತನ್ನ ಐಫೋನಿನಲ್ಲಿ ಇನ್ನೊಬ್ಬರಿಗೆ ಕೊಟ್ಟಿದ್ದಳು. ನಿನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಮೂರನೆಯ ಪಟ್ಟಿ. ಮೂರೂ ಸರಿ, ಆದರೆ ಒಂದಕ್ಕೊಂದರ ಸುದ್ದಿ ಗೊತ್ತಿಲ್ಲ.

ನಾನು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ಕಿರ್ದಿ ಬರೆದವನು. ದಿನದ ವ್ಯವಹಾರ ಮೊದಲು ಕಿರ್ದಿಗೆ ಬೀಳಬೇಕು, ಅಲ್ಲಿಂದ ಖಾತೆಗೆ ಹೋಗಬೇಕು. ಯಾರೇ ಬಂದು ನೇರ ಖಾತೆಯಲ್ಲಿ ಗೀಚಿದರೆ ದೀಪಾವಳಿಗೆ ಲೆಕ್ಕ ಕೂಡುತ್ತಿರಲಿಲ್ಲ. ನಿನ್ನ ಫೋನುಗಳಿಗೂ ಒಂದು ಕಿರ್ದಿ ಬೇಕು. ಅದು ಒಂದೇ ಒಂದು ಗೂಗಲ್ ಖಾತೆ ಆಗಲಿ. ಫೋನು, ಐಫೋನು, ಕಂಪ್ಯೂಟರು ಮೂರೂ ಅದನ್ನು ನೋಡುವ ಕಿಟಕಿಗಳು ಅಷ್ಟೇ.

ಆದರೆ ಮೊದಲು ಒಂದು ಪ್ರಶ್ನೆ. ಆ ಖಾತೆಯ ಪಾಸ್‌ವರ್ಡ್ ನಿನಗೆ ಗೊತ್ತಿದೆಯಾ? ನಮ್ಮ ಕಡೆ ಹೊಸ ಮೊಬೈಲು ಕೊಂಡಾಗ ಅಂಗಡಿಯ ಹುಡುಗನೇ ಒಂದು ಜಿಮೇಲ್ ತೆರೆದು ಕೊಟ್ಟುಬಿಡುತ್ತಾನೆ. ಹಳೆಯ ಫೋನು ಕೆಟ್ಟ ದಿನ ಹೊಸ ಫೋನಿಗೆ ಇನ್ನೊಂದು ಜಿಮೇಲ್. ಹಿಂದಿನದರಲ್ಲಿದ್ದ ನಂಬರುಗಳು ಅಲ್ಲೇ ಬಿದ್ದಿರುತ್ತವೆ, ಒಳಗೆ ಹೋಗಲು ಕೀಲಿಕೈ ಇಲ್ಲ. ನನಗೆ ಆದದ್ದೂ ಅದೇ. ಗಿರಣಿ ಕಾಲದಿಂದ ಕೂಡಿಸಿದ ರೈತರ, ಹಮಾಲರ, ಲಾರಿಯವರ ನಂಬರುಗಳು ಒಂದೇ ದಿನಕ್ಕೆ ಹೋದವು. ಅವರಲ್ಲಿ ಕೆಲವರು ತೀರಿಕೊಂಡದ್ದು ನನಗೆ ತಿಂಗಳುಗಟ್ಟಲೆ ತಿಳಿಯಲಿಲ್ಲ. ಮಣ್ಣಿಗೆ ಹೋಗಲಿಕ್ಕೂ ಆಗಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಪಾಸ್‌ವರ್ಡನ್ನು ಮನೆಯ ಪುಸ್ತಕದಲ್ಲಿ ಬರೆದಿಡು, ಮರೆತರೆ ಮರಳಿ ಪಡೆಯಲು ನಿನ್ನ ನಂಬರಿನ ಜೊತೆ ಮನೆಯವರ ಇಮೇಲನ್ನೂ ಸೇರಿಸು. 2 ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. 2023ರಲ್ಲಿ ಬಂದ ನಿಯಮ ಅದು.

ಇನ್ನು ನಂಬರು ಉಳಿಸುವಾಗ ಆಂಡ್ರಾಯ್ಡ್ ಫೋನು ಕೇಳುತ್ತದೆ: ಸಿಮ್ಮಿಗೋ, ಫೋನಿಗೋ, ಗೂಗಲ್ಲಿಗೋ? ನಾವು ಓದದೆ ಒತ್ತುತ್ತೇವೆ. ಸಿಮ್ಮಿನಲ್ಲಿ ಸಾಮಾನ್ಯವಾಗಿ 250 ನಂಬರಿನಷ್ಟೇ ಜಾಗ, ಹೆಸರಿಗೂ ಕೆಲವೇ ಅಕ್ಷರ. ಕನ್ನಡದಲ್ಲಿ ಬರೆದರೆ ಅದೂ ಸಾಮಾನ್ಯವಾಗಿ ಇನ್ನಷ್ಟು ಇಳಿಯುತ್ತದೆ, ಏಕೆಂದರೆ ಅಲ್ಲಿ ನಮ್ಮ ಅಕ್ಷರ, ಒತ್ತುಗಳು ಇಂಗ್ಲಿಷ್ ಅಕ್ಷರಕ್ಕಿಂತ ಹೆಚ್ಚು ಜಾಗ ತಿನ್ನುತ್ತವೆ. ನಿನ್ನ ಫೋನಿನಲ್ಲಿ ಎಷ್ಟು ಜನ ಬಸವರಾಜರಿದ್ದಾರೆ ನೋಡು! ಊರಿನ ಹೆಸರೋ ಕ್ಯಾಂಪಿನ ಹೆಸರೋ ಸೇರಿಸದೆ ಗುರುತು ಹತ್ತುವುದಿಲ್ಲ, ಸೇರಿಸಿದರೆ ಸಿಮ್ಮಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಗೂಗಲ್ಲನ್ನೇ ಒತ್ತು. ತಂಗಿಗೂ ಹೇಳು: ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ಸೇರಿಸಿದರೆ ಸಾಲದು, ಹೊಸ ನಂಬರು ಯಾವ ಖಾತೆಗೆ ಹೋಗಬೇಕು ಎಂಬಲ್ಲೂ ಅದನ್ನೇ ಆರಿಸಬೇಕು. ಇಲ್ಲದಿದ್ದರೆ ಅವಳು ಬರೆದದ್ದು ಐಕ್ಲೌಡ್‌ನಲ್ಲೇ ಉಳಿಯುತ್ತದೆ, ನಿನಗೆ ಕಾಣುವುದಿಲ್ಲ.

ಬೇರೆ ಬೇರೆ ಕಂಪನಿಯ ಸಾಮಾನುಗಳು ಒಂದರ ಜೊತೆ ಇನ್ನೊಂದು ಮಾತಾಡುತ್ತವೆಯೇ ಅಂತ ನೀನು ಕೇಳಬಹುದು. ಮಾತಾಡುತ್ತವೆ. ಒಬ್ಬರ ಹೆಸರು-ನಂಬರನ್ನು ಬರೆಯುವ ವಿಕಾರ್ಡ್ ಎಂಬ ಪದ್ಧತಿ 1990ರ ದಶಕದ ನಡುವಿನದು. ಆ್ಯಪಲ್, ಐಬಿಎಂ, ಸೀಮೆನ್ಸ್, ಎಟಿ ಅಂಡ್ ಟಿ ಕೂಡಿ ಮಾಡಿದ್ದು. ದಿನ-ವೇಳೆ ಬರೆಯುವ ಐಕ್ಯಾಲೆಂಡರ್ 1998ರಲ್ಲಿ, ಅದನ್ನು ಸರ್ವರಿನ ಜೊತೆ ಸರಿಹೊಂದಿಸುವ ಕ್ಯಾಲ್‌ಡ್ಯಾವ್ 2007ರಲ್ಲಿ, ನಂಬರುಗಳಿಗಾಗಿ ಕಾರ್ಡ್‌ಡ್ಯಾವ್ 2011ರಲ್ಲಿ ಬಂದವು. ಪೈಪೋಟಿಯ ಕಂಪನಿಗಳು ಒಂದೇ ಅಳತೆಗೆ ಒಪ್ಪಿಕೊಂಡದ್ದು ನನಗೆ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ. ಊರಿಗೊಂದು ಸೇರು ಇದ್ದ ಕಾಲ ನೆನಪಿರುವವರಿಗೆ ಅದರ ಬೆಲೆ ಗೊತ್ತು.

ಮಾಡಬೇಕಾದ ಕೆಲಸಗಳ ಪಟ್ಟಿಗೆ ಮಾತ್ರ ಈ ಒಪ್ಪಂದ ಪೂರಾ ಹತ್ತಿಲ್ಲ. ಆ್ಯಪಲ್ಲಿನ ರಿಮೈಂಡರ್ಸ್ ಬೇರೆ, ಗೂಗಲ್ಲಿನ ಟಾಸ್ಕ್ಸ್ ಬೇರೆ. ಎರಡನ್ನೂ ಗಂಟು ಹಾಕಲು ಹೋಗಿ ಹೊತ್ತು ಕಳೆಯಬೇಡ. ಗೂಗಲ್ ಟಾಸ್ಕ್ಸ್ ಐಫೋನಿಗೂ ಸಿಗುತ್ತದೆ, ಅದನ್ನೇ ಇಬ್ಬರೂ ಇಟ್ಟುಕೊಳ್ಳಿ.

ಒಂದು ಅಪಾಯ ಹೇಳಬೇಕು. ನಮ್ಮ ತುಂಗಭದ್ರಾ ಎಡದಂಡೆ ನಾಲೆಯ ನೀರು ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತದೆ. ಕೊನೆಯ ಭಾಗದವನು ಏನು ಮಾಡಿದರೂ ಮೇಲಿನವನಿಗೆ ತಟ್ಟುವುದಿಲ್ಲ. ಫೋನುಗಳ ಪಟ್ಟಿಗಳನ್ನು ಹೀಗೆ ಸರಿಹೊಂದಿಸುವ ಸಿಂಕ್ ಹಾಗಲ್ಲ, ಎರಡೂ ಕಡೆ ಹರಿಯುತ್ತದೆ. ನಿನ್ನ ಮಗ ಆಟಕ್ಕೆ ಒಂದು ನಂಬರು ಅಳಿಸಿದರೆ ಬೆಂಗಳೂರಿನಲ್ಲೂ ಅಳಿಯುತ್ತದೆ. ಗೂಗಲ್ ಕಾಂಟ್ಯಾಕ್ಟ್ಸ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಎಲ್ಲ ನಂಬರುಗಳನ್ನೂ ವಿಕಾರ್ಡ್ ಕಡತವಾಗಿ ಇಳಿಸಿ ಪೆನ್‌ಡ್ರೈವಿನಲ್ಲಿ ಇಡು. ಪಟ್ಟಿಯಾಗಿ (ಸಿಎಸ್‌ವಿ) ಇಳಿಸಿ ಎಕ್ಸೆಲ್ಲಿನಲ್ಲಿ ತೆರೆದು ಉಳಿಸುವ ಹುಮ್ಮಸ್ಸು ಬೇಡ. 91 ಸೇರಿಸಿದ 12 ಅಂಕಿಯ ನಂಬರನ್ನು ಅದು 9.19 ಎಂಬಂತೆ ಶುರುವಾಗುವ ಲೆಕ್ಕವಾಗಿ ಮಾಡಿಬಿಡುತ್ತದೆ. ಹಾಗೇ ಉಳಿಸಿದರೆ ಕೊನೆಯ ಅಂಕಿಗಳು ಹೋದಂತೆ.

ಬುಕಿಂಗಿಗೆ ಗೂಗಲ್ ಕ್ಯಾಲೆಂಡರಿನಲ್ಲಿ ‘ಮಷೀನು’ ಎಂದು ಬೇರೆಯೇ ಒಂದು ಕ್ಯಾಲೆಂಡರ್ ಮಾಡು. ತಂಗಿ ಅದೇ ಖಾತೆಯಿಂದ ತಿದ್ದಬಹುದು, ಡ್ರೈವರಿಗೆ ನೋಡುವಷ್ಟು ಹಂಚಿದರೆ ಸಾಕು. ಪಾಸ್‌ವರ್ಡ್ ಮಾತ್ರ ತಂಗಿಯ ಹೊರತು ಯಾರಿಗೂ ಹಂಚಬೇಡ. ನಿನ್ನ ಬ್ಯಾಂಕಿನ ಸಂದೇಶ ಬರುವ ಇಮೇಲೂ ಅದೇ. ರೈತ ಫೋನು ಮಾಡಿದಾಗ ‘ಆಯ್ತು’ ಅನ್ನುವ ಮೊದಲು ಕ್ಯಾಲೆಂಡರ್ ತೆರೆದು ನೋಡು. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಬರೆದದ್ದು ನಿನ್ನ ಫೋನಿನಲ್ಲೇ ಕಾಯುತ್ತಿರುತ್ತದೆ, ತಂಗಿಗೆ ಮುಟ್ಟಿರುವುದಿಲ್ಲ. ಅಂಥ ಹೊತ್ತಿನಲ್ಲಿ ‘ಊರಿಗೆ ಬಂದು ಹೇಳ್ತೀನಿ’ ಅನ್ನು. ರೈತ ಅಷ್ಟು ಹೊತ್ತು ಕಾಯುತ್ತಾನೆ.

ಅಮಾವಾಸ್ಯೆಗೆ ಮಷೀನು ನಿಲ್ಲಿಸಿ ಪೂಜೆ ಮಾಡುತ್ತೀಯಲ್ಲ, ಅದನ್ನೂ ಬರೆದಿಡು. ಆದರೆ ‘ಪ್ರತಿ ತಿಂಗಳು’ ಎಂದು ಒತ್ತಿದರೆ ಅದು ತಾರೀಖು ಹಿಡಿದು ನಡೆಯುತ್ತದೆ, ತಿಥಿ ಹಿಡಿದಲ್ಲ. ಎಳ್ಳಮಾವಾಸ್ಯೆ ಒಂದು ವರ್ಷ ಡಿಸೆಂಬರಿನಲ್ಲಿ ಬಂದರೆ ಇನ್ನೊಂದು ವರ್ಷ ಜನವರಿಗೆ ಹೋಗುತ್ತದೆ. ಯುಗಾದಿಗೆ ಪಂಚಾಂಗ ತಂದು ಹನ್ನೆರಡನ್ನೂ ಕೈಯಿಂದಲೇ ಏರಿಸು. ಅಧಿಕ ಮಾಸ ಬಂದ ವರ್ಷ ಹದಿಮೂರು.

ಬರುವ ಅಮಾವಾಸ್ಯೆಗೆ ಪೂಜೆ ಮುಗಿಸಿ ನಮ್ಮ ಮನೆಗೆ ಬಾ. ನನ್ನ ಹತ್ತಿರ ಗಿರಣಿಯ ಕೆಂಪು ಬಟ್ಟೆಯ ಒಂದು ವಹಿ ಉಳಿದಿದೆ, ನಿಮ್ಮಪ್ಪನ ಹಳೆಯ ಗಿರಾಕಿಗಳ ಹೆಸರು, ಊರು ಅದರಲ್ಲಿವೆ. ನಾನು ಓದುತ್ತ ಹೋಗುತ್ತೇನೆ, ನೀನು ಒಂದೊಂದಾಗಿ ಏರಿಸು. ಜವಳಗೇರಾದ ಆ ರೈತರ ಹೆಸರಿನಿಂದಲೇ ಶುರು ಮಾಡೋಣ.